ಮಡಿಕೇರಿಯ ಗದ್ದಿಗೆ: ಒಪ್ಪಂದ ಬರೆದವರು, ಒಪ್ಪಂದ ನಂಬಿದವರು

ಕನ್ನಡದಲ್ಲಿ 'ಗದ್ದಿಗೆ' ಎಂಬ ಮಾತಿಗೆ ಎರಡು ಅರ್ಥಗಳಿವೆ. ಅರಸ ಕುಳಿತು ಆಳುವ ಪೀಠವೂ ಗದ್ದಿಗೆಯೇ. ಸತ್ತ ಮೇಲೆ ಅವನನ್ನು ಕೂರಿಸಿ ಮಣ್ಣು ಮುಚ್ಚಿದ ಸಮಾಧಿಯೂ ಗದ್ದಿಗೆಯೇ. ಮಡಿಕೇರಿಯಲ್ಲಿ ಆಟೋದವನಿಗೆ 'ಗದ್ದಿಗೆ' ಎಂದರೆ ಸಾಕು, ಎರಡನೆಯ ಅರ್ಥದ ಜಾಗಕ್ಕೇ ಕರೆದೊಯ್ಯುತ್ತಾನೆ. ಮೊದಲನೆಯ ಅರ್ಥದ ಗದ್ದಿಗೆ ಈ ಊರಿನಿಂದ 1834ರಲ್ಲೇ ಹೋಯಿತು.

ಮಹದೇವಪೇಟೆಯ ಕಡೆ, ಊರಿನ ಗದ್ದಲದಿಂದ ಸ್ವಲ್ಪ ಮೇಲಕ್ಕೆ, ದಿಣ್ಣೆಯ ಮೇಲೆ ಮೂರು ಗುಮ್ಮಟಗಳು ಕಾಣುತ್ತವೆ. ಮೊದಲ ಸಲ ಬಂದವರು ದೂರದಿಂದ ನೋಡಿ ಮಸೀದಿಯೋ ದರ್ಗಾವೋ ಎಂದುಕೊಳ್ಳುವುದುಂಟು. ಮೂಲೆಗಳಲ್ಲಿ ಮಿನಾರಿನಂಥ ಗೋಪುರಗಳು, ನಡುವೆ ದುಂಡನೆಯ ಗುಮ್ಮಟ. ಹತ್ತಿರ ಹೋದರೆ ಮೂಲೆಗಳಲ್ಲಿ ನಂದಿ ಕುಳಿತಿದೆ, ಒಳಗೆ ಶಿವಲಿಂಗವಿದೆ. ಕೊಡಗನ್ನು ಸುಮಾರು 1600ರಿಂದ ಆಳಿದ ಹಾಲೇರಿ ಮನೆತನದವರು ಲಿಂಗವಂತರು. ಲಿಂಗವಂತರಲ್ಲಿ ಸತ್ತವರನ್ನು ಸುಡುವುದಿಲ್ಲ. ಇಷ್ಟಲಿಂಗದೊಂದಿಗೆ ಕುಳಿತ ಭಂಗಿಯಲ್ಲಿ ಸಮಾಧಿ ಮಾಡುತ್ತಾರೆ. ಶಿವನ ಒಕ್ಕಲಾದ ಅರಸರಿಗೆ ಚಿತೆಯ ಬದಲು ಗೋರಿ ಇರುವುದರ ಕಾರಣ ಇಷ್ಟೇ. ಗುಮ್ಮಟವೂ ಮತದ ಗುರುತಲ್ಲ, ಆ ಕಾಲದ ದೊರೆತನದ ಗುರುತು. ಇದೇ ಊರಿನಲ್ಲಿ 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನದ ನೆತ್ತಿಯ ಮೇಲೂ ಅಂಥದೇ ಗುಮ್ಮಟವಿದೆ.

ಆದರೂ ಒಂದು ಸೋಜಿಗ ಉಳಿಯುತ್ತದೆ. ಈ ಗದ್ದಿಗೆಗಳಿಗೆ ಅತಿ ಹತ್ತಿರದ ಹೋಲಿಕೆ ಇರುವುದು ಶ್ರೀರಂಗಪಟ್ಟಣದ ಗುಂಬಜ್‌ಗೆ, ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನ್ ಮಣ್ಣಾದ ಜಾಗಕ್ಕೆ. ಬದುಕಿದ್ದಾಗ ಒಬ್ಬರ ನೆರಳನ್ನೊಬ್ಬರು ಸಹಿಸದಿದ್ದ ಎರಡು ಮನೆತನಗಳ ಸಮಾಧಿಗಳು ಅಣ್ಣತಮ್ಮಂದಿರ ಮನೆಗಳಂತೆ ಕಾಣುತ್ತವೆ. ಮಡಿಕೇರಿಯಿಂದ ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ಮೈಸೂರಿಗೆ, ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಇಂದು ಅರ್ಧ ದಿನವೂ ಬೇಡದ ಬಸ್ ಪ್ರಯಾಣ. ಈ ಹಾದಿಯಲ್ಲಿ ಇನ್ನೂರು ವರ್ಷಗಳ ಹಿಂದೆ ಓಡಾಡಿದ ಕಾಗದಗಳು, ವಕೀಲರು, ಒತ್ತೆಯಾಳುಗಳು ಮತ್ತು ಸೇನೆಗಳ ಕಥೆಯೇ ಗದ್ದಿಗೆಯ ಕಥೆ.

ನಡುವಿನ ಗದ್ದಿಗೆ ದೊಡ್ಡವೀರರಾಜೇಂದ್ರ ಮತ್ತು ಆತನ ರಾಣಿ ಮಹದೇವಮ್ಮಾಜಿಯವರದು. ಮಹದೇವಪೇಟೆಗೆ ಆ ಹೆಸರು ಬಂದದ್ದೂ ಈ ರಾಣಿಯಿಂದಲೇ. ಬಲಗಡೆಯದು ಆತನ ತಮ್ಮ ಲಿಂಗರಾಜೇಂದ್ರನದು. ಇದನ್ನು ಮಗ ಚಿಕ್ಕವೀರರಾಜೇಂದ್ರ 1820ರಲ್ಲಿ ಕಟ್ಟಿಸಿದ. ಎಡಗಡೆಯದು ರಾಜಗುರು ರುದ್ರಪ್ಪನದು, 1834ರದು. ಸಮೀಪದಲ್ಲೇ ಸೇನೆಯಲ್ಲಿ ಉನ್ನತ ಅಧಿಕಾರದಲ್ಲಿದ್ದ ಬಿದ್ದಂಡ ಬೋಪು ಮತ್ತು ಮಗ ಬಿದ್ದಂಡ ಸೋಮಯ್ಯ ಇವರ ಸಮಾಧಿಗಳಿವೆ. ಅರಸ ಲಿಂಗವಂತ, ಅಧಿಕಾರಿಗಳು ಕೊಡವರು. ಹೊರಗಿನಿಂದ ಬಂದ ಮನೆತನವೊಂದು ಇಷ್ಟು ಕಾಲ ಆಳಿದ್ದು ಯಾರ ಹೆಗಲ ಮೇಲೆ ಎಂಬುದನ್ನು ಈ ಅಂಗಳದ ಜೋಡಣೆಯೇ ತೋರಿಸುತ್ತದೆ.

ಮೊದಲು ನೋಡಬೇಕಾದದ್ದು ನಡುವಿನ ಗುಮ್ಮಟವನ್ನು. ಅಲ್ಲಿರುವವನನ್ನು ಕತ್ತಿಯ ವೀರನೆಂದು ಹಾಡಿ ಹೊಗಳುವವರು ಹೆಚ್ಚು. ಆದರೆ ದೊಡ್ಡವೀರರಾಜೇಂದ್ರ ತನ್ನ ಚಿಕ್ಕ ನಾಡನ್ನು ಉಳಿಸಿಕೊಂಡದ್ದು ಕತ್ತಿಯಿಂದ ಎಷ್ಟೋ, ಕಾಗದದಿಂದಲೂ ಅಷ್ಟೇ.

ಆತನ ತಂದೆ ಲಿಂಗರಾಜ 1780ರಲ್ಲಿ ತೀರಿಕೊಂಡಾಗ ಮಕ್ಕಳು ಎಳೆಯರು. ಅವರು ದೊಡ್ಡವರಾಗುವವರೆಗೆ ತಾನೇ ನೋಡಿಕೊಳ್ಳುವೆನೆಂದು ಹೈದರ್ ಕೊಡಗನ್ನು ವಶಕ್ಕೆ ತೆಗೆದುಕೊಂಡ. ರಾಜಕುಮಾರರನ್ನು ಗೊರೂರಿನ ಕೋಟೆಗೆ ಕಳಿಸಿದ. ಟಿಪ್ಪುವಿನ ಕಾಲದಲ್ಲಿ ಅವರನ್ನು ಪಿರಿಯಾಪಟ್ಟಣದ ಕೋಟೆಗೆ ತಂದರು. ಕೊಡಗಿನ ಗಡಿ ಅಲ್ಲಿಂದ ಒಂದು ನಡಿಗೆಯ ದೂರ. ಪಡುವಣಕ್ಕೆ ತಿರುಗಿದರೆ ತಮ್ಮದೇ ನಾಡಿನ ಕಾಡು. ಆ ಕಾಡಿನಲ್ಲಿ ಆಗ ಟಿಪ್ಪುವಿನ ಸೇನೆಗೂ ಕೊಡವರಿಗೂ ಬಿಡುವಿಲ್ಲದ ಕಾದಾಟ ನಡೆದಿತ್ತು. ಸಾವಿರಾರು ಜನರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಗಿತ್ತು. 1788ರ ಡಿಸೆಂಬರಿನಲ್ಲಿ ವೀರರಾಜೇಂದ್ರ ಹೆಂಡಿರನ್ನೂ ತಮ್ಮಂದಿರಾದ ಲಿಂಗರಾಜ, ಅಪ್ಪಾಜಿಯರನ್ನೂ ಕರೆದುಕೊಂಡು ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡ. ಕೊಡವರ ನೆರವಿಲ್ಲದೆ ಅದು ಆಗುವ ಮಾತಾಗಿರಲಿಲ್ಲ.

ಅಲ್ಲಿಂದ ಎರಡು ವರ್ಷದೊಳಗೆ ಆತ ಮಡಿಕೇರಿಯ ಕೋಟೆಯೊಂದನ್ನು ಬಿಟ್ಟರೆ ಹೆಚ್ಚುಕಡಿಮೆ ನಾಡನ್ನೆಲ್ಲ ಹಿಂದಕ್ಕೆ ಪಡೆದ. ಮಡಿಕೇರಿ ಕೈಗೆ ಬಂದ ರೀತಿ ಮಾತ್ರ ವಿಚಿತ್ರ. ಇದನ್ನು ದಾಖಲಿಸಿರುವ ಮಾರ್ಕ್ ವಿಲ್ಕ್ಸ್ ಮುಂದೆ ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟನಾಗಿದ್ದವನು, ಮೈಸೂರಿನ ಇತಿಹಾಸ ಬರೆದವನು. ಕೋಟೆಯೊಳಗೆ ಹಸಿವಿನಿಂದ ಕಂಗೆಟ್ಟಿದ್ದ ಟಿಪ್ಪುವಿನ ದಳಕ್ಕೆ ದವಸಧಾನ್ಯ ತಲುಪಿಸಲು ಖಾದರ್ ಖಾನ್ ಎಂಬ ಸರದಾರ ಬರುತ್ತಾನೆ. ದಾರಿಯಲ್ಲಿ ಕೊಡಗಿನವರ ಮುತ್ತಿಗೆಗೆ ಸಿಕ್ಕಿಬೀಳುತ್ತಾನೆ. ಅವನನ್ನು ಮುಗಿಸಿಬಿಡುವುದು ಸುಲಭವಾಗಿತ್ತು. ಆದರೆ ಪಿರಿಯಾಪಟ್ಟಣದ ಸೆರೆಯ ದಿನಗಳಲ್ಲಿ ಈತ ರಾಜಕುಟುಂಬಕ್ಕೆ ಉಪಕಾರ ಮಾಡಿದ್ದ. ವೀರರಾಜೇಂದ್ರ ಆ ಋಣವನ್ನು ನೆನೆದು ಅವನನ್ನೂ ಅವನ ಧಾನ್ಯವನ್ನೂ ಕೋಟೆಯೊಳಕ್ಕೆ ಬಿಟ್ಟ! ಕಂಪನಿಯ ಸೇನಾಪತಿಗೆ ಇದು ದ್ರೋಹದಂತೆ ಕಂಡು ವಿವರಣೆ ಕೇಳಿದನಂತೆ. ಕೆಲವೇ ಕಾಲದಲ್ಲಿ ಧಾನ್ಯ ಮುಗಿದು ಕೋಟೆ ತಾನಾಗಿಯೇ ಶರಣಾಯಿತು. ಒಳಗಿದ್ದವರನ್ನು ಮಾನದಿಂದ ಹೊರಗೆ ಕಳಿಸಲಾಯಿತು. ರಕ್ತವೂ ಉಳಿಯಿತು, ಋಣವೂ ತೀರಿತು, ಕೋಟೆಯೂ ಬಂತು.

ಕಂಪನಿಯ ಸೇನಾಪತಿಗೆ ವಿವರಣೆ ಕೇಳುವ ಹಕ್ಕು ಬಂದದ್ದು 1790ರ ಅಕ್ಟೋಬರ್ 26ರ ಒಪ್ಪಂದದಿಂದ. ತಲಚೇರಿಯಲ್ಲಿ ಕಂಪನಿಯ ಮುಖ್ಯಸ್ಥನಾಗಿದ್ದ ರಾಬರ್ಟ್ ಟೇಲರ್ ಕಂಪನಿಯ ಪರವಾಗಿ ಅದಕ್ಕೆ ರುಜು ಹಾಕಿದ. ಸೂರ್ಯಚಂದ್ರರಿರುವವರೆಗೆ ಈ ಸ್ನೇಹ ನಡೆಯಬೇಕು ಎಂದು ಅದರ ಮೊದಲ ಮಾತು. ಟಿಪ್ಪು ಇಬ್ಬರಿಗೂ ಶತ್ರು. ಕಂಪನಿಯ ಸೇನೆಗೆ ಅರಸ ದಾರಿ ಬಿಡಬೇಕು, ಸರಿಯಾದ ಬೆಲೆಗೆ ದವಸ ಒದಗಿಸಬೇಕು. ಕೊಡಗಿನ ಸರಕು ಕೊಳ್ಳುವುದರಲ್ಲಿ ಕಂಪನಿಗೆ ಮೊದಲ ಅವಕಾಶ. ಬೇರೆ ಟೊಪ್ಪಿಯವರ ಸಂಗಡ ವ್ಯವಹಾರ ಕೂಡದು. ಪ್ರತಿಯಾಗಿ ಕೊಡಗು ಸ್ವತಂತ್ರವಾಗಿರುವಂತೆ ಕಂಪನಿ ನೋಡಿಕೊಳ್ಳಬೇಕು. ಟಿಪ್ಪುವಿನೊಡನೆ ಸಂಧಿಯಾದರೆ ಅರಸನ ಹಿತವನ್ನು ಮರೆಯಬಾರದು. ಯುದ್ಧ ಮುಗಿಯುವವರೆಗೆ ಆತನ ಕುಟುಂಬಕ್ಕೆ ತಲಚೇರಿಯಲ್ಲಿ ಆಶ್ರಯ ಕೊಡಬೇಕು.

ಕಂಪನಿಗೆ ಇದರ ಬೆಲೆ ಎಷ್ಟೆಂದು ತಿಳಿಯಲು ನಕಾಶೆ ನೋಡಿದರೆ ಸಾಕು. ಮುಂಬಯಿ ಸೇನೆ ಮಲಬಾರಿನ ಕರಾವಳಿಯಲ್ಲಿ ಇಳಿದರೂ ಶ್ರೀರಂಗಪಟ್ಟಣಕ್ಕೆ ಹತ್ತಿರದ ದಾರಿ ಘಟ್ಟದ ಮೇಲೆ, ಕೊಡಗಿನ ಮೂಲಕ. ಆ ದಾರಿಯಲ್ಲಿ ಜನರಲ್ ಅಬರ್‌ಕ್ರಾಂಬಿಯ ಸೇನೆ 1791ರಲ್ಲಿ ಪಿರಿಯಾಪಟ್ಟಣದವರೆಗೆ ಬಂತು. ಆ ಹೊತ್ತಿಗೆ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಎದುರು ಸಾಮಗ್ರಿಯಿಲ್ಲದೆ ಹಿಂದೆ ಸರಿದದ್ದರಿಂದ ಇದೂ ಹಿಂದಿರುಗಬೇಕಾಯಿತು. ಮರುವರ್ಷ ಮತ್ತೆ ಬಂತು. ಅರಸನೂ ಜನರಲ್ಲನೂ ಭೇಟಿಯಾದ ನೆನಪಿಗೆ 1792ರಲ್ಲಿ ಒಂದು ಪೇಟೆ ಎದ್ದಿತು. ಅದೇ ವೀರರಾಜಪೇಟೆ.

ಇನ್ನು ಆ ವರ್ಷದ ಸಂಧಿ. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕು, ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕು ಎಂದು ತೀರ್ಮಾನವಾಗಿತ್ತು. ಫೆಬ್ರವರಿ 26ರಂದು ಎಂಟು ವರ್ಷದ ಅಬ್ದುಲ್ ಖಾಲಿಕ್, ಐದು ವರ್ಷದ ಮುಯಿಜುದ್ದೀನ್ ಕಾರ್ನ್‌ವಾಲಿಸನ ಬಿಡಾರಕ್ಕೆ ಬಂದರು. ಟಿಪ್ಪುವಿನ ಪರವಾಗಿ ಮಾತುಕತೆಗೆ ಕುಳಿತವರು ವಕೀಲರಾದ ಗುಲಾಂ ಅಲಿ ಖಾನ್ ಮತ್ತು ಅಲಿ ರಜಾ ಖಾನ್. ವಕೀಲ ಎಂದರೆ ಆಗ ಕೋರ್ಟಿನವನಲ್ಲ. ಒಡೆಯನ ಮಾತನ್ನು ಪರರ ಬಿಡಾರದಲ್ಲಿ ಆಡುವವನು, ಇಂದಿನ ರಾಯಭಾರಿ. ಗುಲಾಂ ಅಲಿ ಖಾನ್ ಇದಕ್ಕೆ ಮೊದಲೇ ಟಿಪ್ಪುವಿನ ದೂತನಾಗಿ ತುರ್ಕಿಯ ಸುಲ್ತಾನನ ಬಳಿಗೆ ಹೋಗಿಬಂದಿದ್ದವನು. ಎದುರಿಗೆ ಕಂಪನಿಯ ಪರವಾಗಿ ಸರ್ ಜಾನ್ ಕೆನ್ನವೇ. ಲೆಕ್ಕಪತ್ರ ಎಲ್ಲ ಒಂದು ಹದಕ್ಕೆ ಬಂದಿದೆ ಎನ್ನುವಾಗ ಕಂಪನಿಯ ಪಟ್ಟಿಯಲ್ಲಿ ಕೊಡಗಿನ ಹೆಸರು ಕಾಣಿಸಿಕೊಂಡಿತು. ಟಿಪ್ಪು ಕೆರಳಿದ. ಕೊಡಗು ಕಂಪನಿಯ ಯಾವ ಸೀಮೆಗೆ ತಾಗಿಕೊಂಡಿದೆ, ಇದನ್ನು ಕೇಳುವುದೂ ಒಂದೇ, ತನ್ನ ರಾಜಧಾನಿಯ ಬೀಗದ ಕೈ ಕೇಳುವುದೂ ಒಂದೇ ಎಂಬ ಅರ್ಥದ ಮಾತಾಡಿದನೆಂದು ವಿಲ್ಕ್ಸ್ ಬರೆಯುತ್ತಾನೆ. ಸಂಧಿ ಮುರಿದು ಮತ್ತೆ ಯುದ್ಧವಾಗುವ ಹಂತಕ್ಕೆ ಬಂದಿತ್ತು. ಕೊನೆಗೆ ಮಾರ್ಚ್ 18ರಂದು ರುಜುವಾಯಿತು. ಕೊಡಗು ಟಿಪ್ಪುವಿನ ಕೈಬಿಟ್ಟಿತು.

ಕಾರ್ನ್‌ವಾಲಿಸ್ ಕೊಟ್ಟ ಮಾತು ಉಳಿಸಿಕೊಂಡ ಎಂದು ಇದನ್ನು ಹೇಳುವುದು ರೂಢಿ. ಅದು ನಿಜವೂ ಹೌದು. ಆದರೆ ಒಂದು ಸಣ್ಣ ವಿಷಯವನ್ನು ಗಮನಿಸಬೇಕು. ಎರಡು ವರ್ಷದ ಹಿಂದೆ ಸಮಾನ ಸ್ನೇಹಿತನಾಗಿ ರುಜು ಹಾಕಿದ್ದ ಅರಸನ ನಾಡು ಈಗ ಮೂರನೆಯವರ ಬಿಡಾರದಲ್ಲಿ, ಒಬ್ಬರು ಬಿಟ್ಟುಕೊಟ್ಟು ಇನ್ನೊಬ್ಬರು ಪಡೆದುಕೊಳ್ಳುವ ಸೀಮೆಗಳ ಪಟ್ಟಿಯಲ್ಲಿ ಸೇರಿತು. ಬಿಟ್ಟುಕೊಟ್ಟ ಸೀಮೆಗೆ ಕಪ್ಪ ಇರಬೇಕಲ್ಲವೇ? 1793ರಲ್ಲಿ ಅದೂ ನಿಗದಿಯಾಯಿತು: ವರ್ಷಕ್ಕೆ 8,000 ವರಹ.

ಮುಂದಿನ ಯುದ್ಧ 1799ರದು. ಈ ಸಲ ಮೊದಲ ಪೆಟ್ಟು ಬಿದ್ದದ್ದು ಪಿರಿಯಾಪಟ್ಟಣಕ್ಕೂ ಕೊಡಗಿಗೂ ನಡುವಣ ಸಿದ್ದೇಶ್ವರದ ಗುಡ್ಡದಲ್ಲಿ. ಮಾರ್ಚ್ 6ರಂದು ಟಿಪ್ಪು ಪೂರ್ವದಿಂದ ಬರುತ್ತಿದ್ದ ದೊಡ್ಡ ಸೇನೆಯನ್ನು ಬಿಟ್ಟು, ಕಾಡಿನ ಮರೆಯಲ್ಲಿ ಬಂದು ಕರ್ನಲ್ ಮಾಂಟ್ರೆಸರ್‌ನ ದಳದ ಮೇಲೆ ಬಿದ್ದ. ದಳವನ್ನು ಎಲ್ಲ ಕಡೆಯಿಂದ ಸುತ್ತುವರಿದದ್ದಾಗಿತ್ತು. ಜನರಲ್ ಸ್ಟುವರ್ಟ್ ಹಿಂದಿನಿಂದ ಬಂದು ಕೂಡುವವರೆಗೆ ಅದು ಹೇಗೋ ತಡೆದು ನಿಂತಿತು. ವೀರರಾಜೇಂದ್ರ ಅಂದು ಅಲ್ಲಿದ್ದ. ನಡೆದದ್ದನ್ನು ಗವರ್ನರ್ ಜನರಲ್ಲನಿಗೆ ತಾನೇ ಕಾಗದ ಬರೆದು ತಿಳಿಸಿದ. ಟಿಪ್ಪು ಪಿರಿಯಾಪಟ್ಟಣಕ್ಕೆ ಹಿಂದಿರುಗಿ, ಕೆಲವು ದಿನ ಅಲ್ಲೇ ಇದ್ದು, ಶ್ರೀರಂಗಪಟ್ಟಣದತ್ತ ಹೊರಟ. ಎರಡು ತಿಂಗಳೂ ತುಂಬದೆ ಮೇ 4ರಂದು ಆತ ಕೋಟೆಯ ಬಾಗಿಲಲ್ಲಿ ಮಡಿದ.

ಸಿದ್ದೇಶ್ವರದಲ್ಲಿ ಸತ್ತವರಲ್ಲಿ ಟಿಪ್ಪುವಿನ ಹೆಸರಾಂತ ಸರದಾರ ಮಹಮ್ಮದ್ ರಜಾ ಒಬ್ಬ. ಜನ ಅವನನ್ನು ಬೆಂಕಿ ನವಾಬ ಎನ್ನುತ್ತಿದ್ದರು. ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿ ಹೈದರ್, ಟಿಪ್ಪು ಇರುವ ಕೋಣೆಯ ಹೊರಗೆ, ಜಗತಿಯ ಮೇಲೆ ಬಂಧುಗಳ ಮತ್ತು ಆಪ್ತರ ಗೋರಿಗಳ ಸಾಲುಗಳಿವೆ. ಆ ಸಾಲಿನಲ್ಲಿ ಬೆಂಕಿ ನವಾಬನ ಹೆಸರೂ ಇದೆ. ಅದೇ ದಿನ ಅದೇ ಗುಡ್ಡದಲ್ಲಿ ಎದುರು ನಿಂತಿದ್ದವನು ಮಡಿಕೇರಿಯ ಗುಮ್ಮಟದಡಿ ಇದ್ದಾನೆ. ಸಿದ್ದೇಶ್ವರದ ಆ ಒಂದು ಬೆಳಗಿನ ಎರಡೂ ಕಡೆಯವರನ್ನು ಒಂದೇ ಬಗೆಯ ಎರಡು ಕಟ್ಟಡಗಳು ಹಂಚಿಕೊಂಡಿವೆ.

ಗೆದ್ದ ಮೇಲೆ ಕಂಪನಿ ಉದಾರವಾಯಿತು. 8,000 ವರಹದ ಕಪ್ಪವನ್ನು ಬಿಟ್ಟುಕೊಟ್ಟು, ಅದರ ಬದಲು ಮರ್ಯಾದೆಯ ಗುರುತಾಗಿ ವರ್ಷಕ್ಕೆ ಒಂದು ಆನೆ ಕೊಟ್ಟರೆ ಸಾಕು ಎಂದಿತು. ಕೊಡಗಿನ ಕಾಡಿನಲ್ಲಿ ಆನೆಗೆ ಬರವೇನಿರಲಿಲ್ಲ. ಕೆಲವು ವರ್ಷಗಳ ನಂತರ ಘಟ್ಟದ ಕೆಳಗಿನ ಪಂಜ, ಬೆಳ್ಳಾರೆ ಸೀಮೆಗಳೂ ಅರಸನಿಗೆ ಬಂದವು. ಹೊರನೋಟಕ್ಕೆ ಇದು ಪುಟ್ಟ ರಾಜ್ಯವೊಂದರ ರಾಜತಂತ್ರ ಮುಟ್ಟಿದ ಎತ್ತರ. ಆದರೆ ಬುಡದಲ್ಲಿ ಒಂದು ಬಿರುಕು ಬಿದ್ದಾಗಿತ್ತು. ಇಷ್ಟು ವರ್ಷ ಕಂಪನಿಗೆ ಕೊಡಗು ಬೇಕಾಗಿದ್ದದ್ದು ಟಿಪ್ಪುವಿನ ಬಾಗಿಲಲ್ಲಿ ಇದ್ದುದರಿಂದ. ಟಿಪ್ಪುವೇ ಇಲ್ಲದ ಮೇಲೆ, ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟನೇ ಕುಳಿತ ಮೇಲೆ, ಬೀಗವಿಲ್ಲದ ಬಾಗಿಲಿಗೆ ಬೀಗದ ಕೈಯಿಂದ ಏನು ಪ್ರಯೋಜನ?

ವೀರರಾಜೇಂದ್ರನಿಗೆ ಇದರ ವಾಸನೆ ಸಿಕ್ಕಿರಬೇಕು. ಆತನಿಗೆ ಪಟ್ಟಕ್ಕೆ ಗಂಡುಮಗನಿರಲಿಲ್ಲ. 1796ರಲ್ಲಿ ಮದುವೆಯಾದ ಮಹದೇವಮ್ಮಾಜಿಯಲ್ಲಿ ನಾಲ್ವರು ಹೆಣ್ಣುಮಕ್ಕಳು; ಹಿರಿಯವಳು ದೇವಮ್ಮಾಜಿ. ಪಟ್ಟ ಈ ಹೆಣ್ಣುಮಕ್ಕಳ ಕಡೆಗೇ ಉಳಿಯಬೇಕೆಂಬುದು ಆತನ ಹಟ; ಅದಕ್ಕೆ ಕಂಪನಿಯ ಒಪ್ಪಿಗೆಯನ್ನು ಮತ್ತೆ ಮತ್ತೆ ಕೇಳಿದ. 'ರಾಜೇಂದ್ರನಾಮೆ' ಎಂಬ ತನ್ನ ಮನೆತನದ ಚರಿತ್ರೆಯನ್ನು ಕನ್ನಡದಲ್ಲಿ ಬರೆಸಿದ; 1808ರಲ್ಲಿ ಅದು ಮಂಗಳೂರಿನಲ್ಲಿ ಇಂಗ್ಲಿಷಿಗೂ ಅನುವಾದವಾಯಿತು. ಅರಸರು ಚರಿತ್ರೆ ಬರೆಸುವುದು ಹೊಸತಲ್ಲ. ಆದರೆ ಕೂಡಲೇ ಇಂಗ್ಲಿಷಿಗೆ ಆಗಬೇಕಾದ ಚರಿತ್ರೆಯ ಓದುಗರು ಯಾರೆಂದು ಊಹಿಸುವುದು ಕಷ್ಟವಲ್ಲ. ಅದರ ಜೊತೆಗೆ ಮಗಳ ಹೆಸರಿನಲ್ಲಿ ಲಕ್ಷಾಂತರ ರೂಪಾಯಿಗಳನ್ನು ಕಂಪನಿಯ ಸಾಲಪತ್ರಗಳಲ್ಲಿ ತೊಡಗಿಸಿದ. ಸ್ನೇಹ ಕೈಕೊಟ್ಟರೂ ದುಡ್ಡು ಕೈಕೊಡದು ಎಂದುಕೊಂಡಿದ್ದನೇನೋ.

1807ರಲ್ಲಿ ಮಹದೇವಮ್ಮಾಜಿ ತೀರಿಕೊಂಡಳು. ಆಮೇಲಿನ ವೀರರಾಜೇಂದ್ರನನ್ನು ಹೊಗಳಲು ಯಾರಿಗೂ ಸಾಧ್ಯವಿಲ್ಲ. ಎಲ್ಲರ ಮೇಲೂ ಸಂಶಯ. ಆವೇಶ ಬಂದಾಗ ತನ್ನವರನ್ನೇ ಕೊಲ್ಲಿಸಿದ, ಬಳಿಕ ಪಶ್ಚಾತ್ತಾಪದಲ್ಲಿ ಬೆಂದ. ಕಂಪನಿ ವೈದ್ಯನನ್ನು ಕಳಿಸಿತು. 1809ರ ಜೂನ್ 9ರಂದು ಆತ ಸತ್ತಾಗ ರಾಣಿಯ ಪಕ್ಕದಲ್ಲೇ ಸಮಾಧಿಯಾಯಿತು.

ಪಕ್ಕದ ಗುಮ್ಮಟದಲ್ಲಿರುವ ತಮ್ಮ ಲಿಂಗರಾಜೇಂದ್ರ, ಅಣ್ಣನ ಇಚ್ಛೆಯನ್ನು ಮುರಿದವನು. ಬಾಲಕಿ ದೇವಮ್ಮಾಜಿ ರಾಣಿಯಾದದ್ದು ಎರಡು ವರ್ಷ ಮಾತ್ರ. ಅವಳಿಗೆ ಆಸರೆಯಾಗಿದ್ದ ಸೋದೆಯ ಅರಸುಮನೆತನದ ಭಾವನನ್ನು ದೂರ ಮಾಡಿ, 1811ರಲ್ಲಿ ಲಿಂಗರಾಜ ತಾನೇ ಅರಸನೆಂದು ಸಾರಿಕೊಂಡ. ಕಂಪನಿ ಹೂಂ ಎಂದಿತು. ಅಂಗಳದಲ್ಲಿ ನಿಂತು ನೋಡಿದರೆ ಎರಡು ಗುಮ್ಮಟಗಳು ಅಕ್ಕಪಕ್ಕ, ಒಂದನ್ನೊಂದು ಹೋಲುತ್ತ, ಅಣ್ಣತಮ್ಮಂದಿರ ಅನ್ಯೋನ್ಯಕ್ಕೆ ಸಾಕ್ಷಿಯಂತಿವೆ. ಗೋರಿಗಳು ಹೀಗೆ ಸುಳ್ಳು ಹೇಳುವುದೂ ಉಂಟು. ಲಿಂಗರಾಜ ಒಳ್ಳೆಯ ಆಡಳಿತಗಾರ ಎಂಬುದರಲ್ಲಿ ಮಾತ್ರ ಸಂಶಯವಿಲ್ಲ. ಮಡಿಕೇರಿಯ ಕೋಟೆಯೊಳಗಿನ ಅರಮನೆಯನ್ನು ಆತ 1812ರಿಂದ 1814ರ ನಡುವೆ ಹೊಸದಾಗಿ ಕಟ್ಟಿಸಿದ.

ಆತನ ಮಗ ಚಿಕ್ಕವೀರರಾಜೇಂದ್ರನ ಕಥೆ ಮಾಸ್ತಿಯವರ 'ಚಿಕವೀರ ರಾಜೇಂದ್ರ' ಕಾದಂಬರಿಯಿಂದ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಕಾದಂಬರಿ ಬೇರೆ, ದಾಖಲೆ ಬೇರೆ. ಆದರೆ ಎರಡರಲ್ಲೂ ಅವನು ಕ್ರೂರಿಯೇ. ಬ್ರಿಟಿಷ್ ದಾಖಲೆಗಳ ಪ್ರಕಾರ ದೊಡ್ಡವೀರರಾಜೇಂದ್ರನ ಮಗಳು ದೇವಮ್ಮಾಜಿಯೂ ಇವನ ಕಾಲದಲ್ಲೇ ಕೊಲೆಯಾದಳು. ಈ ದಾಖಲೆಗಳನ್ನು ಬರೆದವರಿಗೆ ಅರಸನನ್ನು ಇಳಿಸಿದ್ದು ಸರಿಯೆಂದು ತೋರಿಸಬೇಕಾಗಿತ್ತು ಎಂಬುದನ್ನು ಮರೆಯದೆ ಓದಬೇಕು. ಹಾಗೆಂದು ಎಲ್ಲವೂ ಕಟ್ಟುಕಥೆ ಎನ್ನಲಾಗದು.

ಜಗಳಕ್ಕೆ ನೆವವಾದದ್ದು ಮನೆಯೊಳಗಿನ ಮುರುಕು. ಅರಸನ ತಂಗಿ (ಅವಳ ಹೆಸರೂ ದೇವಮ್ಮಾಜಿಯೇ) ಮತ್ತು ಅವಳ ಗಂಡ ಚೆನ್ನಬಸವಪ್ಪ ಜೀವಭಯದಿಂದ 1832ರ ಸೆಪ್ಟೆಂಬರಿನಲ್ಲಿ ಗಡಿ ದಾಟಿ ಮೈಸೂರು ಸೀಮೆಗೆ ಓಡಿಬಂದು, ರೆಸಿಡೆಂಟ್ ಕ್ಯಾಸಮೇಜರ್‌ನ ಆಶ್ರಯ ಬೇಡಿದರು. ತನ್ನ ತಂಗಿಯನ್ನೂ ಭಾವನನ್ನೂ ಒಪ್ಪಿಸಿ ಎಂದು ಅರಸ. ಶರಣು ಬಂದವರನ್ನು ಒಪ್ಪಿಸಲಾಗದು ಎಂದು ಕಂಪನಿ. ಮಾತುಕತೆಗೆಂದು ಮಲಬಾರಿನಿಂದ ಕರುಣಾಕರ ಮೆನನ್ ಎಂಬ ದೂತನನ್ನು ಕಂಪನಿ ಮಡಿಕೇರಿಗೆ ಕಳಿಸಿತು. ಅರಸ ಅವನನ್ನು ಹಿಡಿದಿಟ್ಟುಕೊಂಡು, ತಂಗಿ ಬಂದರೆ ದೂತ ಹೋಗುತ್ತಾನೆ ಎಂದ. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿರಲಿಲ್ಲ. ದೂತನನ್ನು ಮುಟ್ಟಬಾರದು ಎಂಬುದು ರಾಮಾಯಣದ ಕಾಲದಿಂದ ಬಂದ ನೀತಿ. ರಾವಣನ ಸಭೆಯಲ್ಲಿ ಹನುಮಂತನಿಗಾಗಿ ವಿಭೀಷಣ ಆಡಿದ ಮಾತೂ ಅದೇ. ತನ್ನ ದೊಡ್ಡಪ್ಪ ಶತ್ರುವಿನ ಸರದಾರನನ್ನು ಹಿಡಿದೂ ಬಿಟ್ಟು ಕೋಟೆ ಗೆದ್ದಿದ್ದ. ಇವನು ಸ್ನೇಹಿತನ ದೂತನನ್ನು ಹಿಡಿದಿಟ್ಟು ರಾಜ್ಯ ಕಳೆದುಕೊಂಡ.

ಇಲ್ಲಿ ಇನ್ನೊಂದು ಮಾತನ್ನೂ ಹೇಳಲೇಬೇಕು. ಹಾಲೇರಿ ಅರಸರ ಕ್ರೌರ್ಯ 1834ರಲ್ಲಿ ಕಂಪನಿಗೆ ಹೊಸದಾಗಿ ತಿಳಿದದ್ದಲ್ಲ. ದೊಡ್ಡವೀರರಾಜೇಂದ್ರನ ಕೊನೆಯ ದಿನಗಳನ್ನು ಕಂಪನಿಯ ವೈದ್ಯನೇ ಕಂಡಿದ್ದ. ಲಿಂಗರಾಜ ಸಣ್ಣ ಹುಡುಗಿಯ ಪಟ್ಟ ಕಿತ್ತುಕೊಂಡದ್ದೂ ಗೊತ್ತಿತ್ತು. ಆಗ ಕೇಳಿಸದಿದ್ದ ಪ್ರಜೆಗಳ ಗೋಳು ಈಗ ಕೇಳಿಸಿತು. ಮಾರ್ಚಿನಲ್ಲಿ ರಾಜಕೀಯ ಏಜೆಂಟನಾಗಿ ನೇಮಕವಾಗಿದ್ದ ಕರ್ನಲ್ ಫ್ರೇಸರ್ ಯುದ್ಧದ ಘೋಷಣೆ ಹೊರಡಿಸಿದ. ಸೇನೆ ಹಲವು ದಿಕ್ಕುಗಳಿಂದ ಘಟ್ಟ ಹತ್ತಿತು. ಉತ್ತರದಲ್ಲಿ ಬಕ್ಕದ ಕಡಂಗದ ಬಳಿ ಕೊಡಗಿನವರು ಕಂಪನಿಯ ದಳವನ್ನು ಹಿಮ್ಮೆಟ್ಟಿಸಿ ಕರ್ನಲ್ ಮಿಲ್ ಎಂಬವನನ್ನು ಕೊಂದರು. ಮಿಕ್ಕ ಕಡೆ ಹೆಚ್ಚು ತಡೆ ಬರಲಿಲ್ಲ. ಏಪ್ರಿಲ್ ಮೊದಲ ವಾರದಲ್ಲೇ ಮಡಿಕೇರಿ ಕೋಟೆಯ ಮೇಲೆ ಕಂಪನಿಯ ಬಾವುಟ ಏರಿತು. ಅರಸ ನಾಲ್ಕುನಾಡಿನಿಂದ ಬಂದು ಶರಣಾದ. ಮೇ 7ರ ಘೋಷಣೆ, ಜನರ ಸರ್ವಾನುಮತದ ಇಚ್ಛೆಯಂತೆ ಕೊಡಗನ್ನು ಕಂಪನಿಯ ರಾಜ್ಯಕ್ಕೆ ಸೇರಿಸಲಾಗಿದೆ ಎಂದಿತು. ಸೂರ್ಯಚಂದ್ರರ ಹೆಸರಿನ ಒಪ್ಪಂದಕ್ಕೆ ಆಗ ನಲವತ್ತನಾಲ್ಕನೆಯ ವರ್ಷ. ಮೈಸೂರು ರಸ್ತೆಯಲ್ಲಿ, ಕಾವೇರಿ ದಾಟಿದ ಕೂಡಲೇ ಸಿಗುವ ಕುಶಾಲನಗರಕ್ಕೆ ಫ್ರೇಸರ್‌ಪೇಟೆ ಎಂಬ ಹೆಸರು ಬಹುಕಾಲ ನಡೆದದ್ದು ಈ ಫ್ರೇಸರನಿಂದಲೇ.

ಗದ್ದಿಗೆಯ ಎಡಬದಿಯ ಗುಮ್ಮಟ, ರಾಜಗುರು ರುದ್ರಪ್ಪನದು, ಇದೇ 1834ರದು ಎಂಬುದನ್ನು ಇಲ್ಲಿ ನೆನೆಯಬಹುದು. ಅಲ್ಲಿ ಅದೇ ಕೊನೆಯ ಗುಮ್ಮಟ. ಚಿಕ್ಕವೀರರಾಜೇಂದ್ರನಿಗೆ ಆ ಅಂಗಳದಲ್ಲಿ ಜಾಗ ದೊರೆಯಲಿಲ್ಲ.

ಅವನನ್ನು ವೆಲ್ಲೂರಿಗೂ ಅಲ್ಲಿಂದ ಕಾಶಿಗೂ ಒಯ್ದರು. 1852ರಲ್ಲಿ ಆತ ಹತ್ತು ಹನ್ನೊಂದು ವರ್ಷದ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಆ ಜೂನ್ 30ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಹುಡುಗಿಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರು ಕೊಟ್ಟಳು. ಲಿಂಗವಂತ ಅರಸ ಮಗಳನ್ನು ಹೀಗೆ ಒಪ್ಪಿಸಿದ್ದಕ್ಕೆ ಭಕ್ತ ಕ್ರೈಸ್ತರು ಒಂದು ಕಾರಣ ಕೊಟ್ಟರು, ಅನುಮಾನಿಗಳು ಇನ್ನೊಂದು. ಆತ ಲಂಡನ್ನಿನಲ್ಲಿ ಮಾಡಿದ ಇನ್ನೊಂದು ಕೆಲಸವನ್ನು ನೋಡಿದರೆ ಅನುಮಾನಿಗಳ ಕಡೆಗೇ ವಾಲಬೇಕಾಗುತ್ತದೆ. ದೊಡ್ಡಪ್ಪ ಕಂಪನಿಯಲ್ಲಿ ತೊಡಗಿಸಿದ್ದ ಹಣದ ಸಾಲಪತ್ರಗಳು 1834ರಲ್ಲಿ ಕಂಪನಿಯ ಕೈಸೇರಿದ್ದವು. ಅಸಲನ್ನೂ ಬಡ್ಡಿಯನ್ನೂ ಕೊಡಿಸಬೇಕೆಂದು ಆತ ಅಲ್ಲಿನ ಚಾನ್ಸರಿ ನ್ಯಾಯಾಲಯದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮೇಲೆ ದಾವೆ ಹೂಡಿದ.

ರಾಜ್ಯ ಹೋಗಿದೆ, ಗದ್ದಿಗೆ ಹೋಗಿದೆ. ಆದರೂ ಒಬ್ಬ ಮಾಜಿ ಅರಸ ಪರದೇಶದ ನ್ಯಾಯಾಲಯದ ಕಟ್ಟೆ ಹತ್ತಿ, ನೀವೇ ಬರೆದುಕೊಟ್ಟ ಕಾಗದ ಇದು, ಇದರಂತೆ ನಡೆಯಿರಿ ಎನ್ನುತ್ತಾನೆ. ಕೆಟ್ಟ ಅರಸನೆಂಬುದು ನಿಜ. ಆದರೆ ಕಾಗದದ ಮೇಲಿನ ನಂಬಿಕೆಯಲ್ಲಿ ಅವನು ದೊಡ್ಡಪ್ಪನ ನೇರ ವಾರಸುದಾರ.

ಚಿಕ್ಕವೀರರಾಜೇಂದ್ರ 1859ರ ಸೆಪ್ಟೆಂಬರ್ 24ರಂದು ಲಂಡನ್ನಿನಲ್ಲಿ ತೀರಿಕೊಂಡ. ದಾವೆ ಮರುವರ್ಷ ಇತ್ಯರ್ಥವಾಯಿತು. ಕಂಪನಿ ಆ ಪತ್ರಗಳನ್ನು ವಶಪಡಿಸಿಕೊಂಡದ್ದು ವ್ಯಾಪಾರಿಯಾಗಿ ಅಲ್ಲ, ಯುದ್ಧದಲ್ಲಿ ಗೆದ್ದ ಸಾರ್ವಭೌಮನಾಗಿ. ಅಂಥ ಕೃತ್ಯವನ್ನು ವಿಚಾರಿಸುವ ಅಧಿಕಾರ ನ್ಯಾಯಾಲಯಕ್ಕೆ ಇಲ್ಲ ಎಂದು ದಾವೆಯನ್ನು ವಜಾ ಮಾಡಿದರು. ಗೌರಮ್ಮ ಆ ವರ್ಷವೇ ಕರ್ನಲ್ ಕ್ಯಾಂಪ್‌ಬೆಲ್ ಎಂಬಾತನನ್ನು ಮದುವೆಯಾದಳು. 1864ರಲ್ಲಿ, ಮೂರು ವರ್ಷವೂ ತುಂಬದ ಮಗಳನ್ನು ಬಿಟ್ಟು ಸತ್ತಳು. ಅವಳ ಗೋರಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿದೆ.